ಅಂಕಿತ, ಪ್ರತಿ, ನೆಲೆ: ಹಂಪಿ ಪರಿಸರದ ಹಿನ್ನೆಲೆಯಲ್ಲಿ ಸ್ವಪ್ರಕಟಣೆಯ ಚರಿತ್ರೆ

1. ಪ್ರವೇಶ

ಕನ್ನಡದಲ್ಲಿ ಪ್ರಕಟಣೆಯ ಚರಿತ್ರೆಯನ್ನು ಮುದ್ರಣಾಲಯಗಳ ಸ್ಥಾಪನೆಯಿಂದ ಆರಂಭಿಸುವುದು ವಾಡಿಕೆ. ಯಾವ ಊರಿನಲ್ಲಿ ಯಾವ ವರ್ಷ ಅಚ್ಚುಕೂಟ ಬಂದಿತು, ಮೊದಲ ಪತ್ರಿಕೆ ಯಾವುದು, ಮೊದಲ ಪುಸ್ತಕ ಯಾವುದು ಎಂಬ ವಿವರಗಳು ಈಗಾಗಲೇ ಸಾಕಷ್ಟು ದಾಖಲಾಗಿವೆ. ಆದರೆ ಈ ಕ್ರಮದಲ್ಲಿ ಒಂದು ಮುಖ್ಯ ಪ್ರಶ್ನೆ ಹಿಂದೆ ಸರಿದುಬಿಡುತ್ತದೆ. ಒಂದು ಕೃತಿಯು ಜನರ ಮುಂದೆ ಬಂದ ಮೇಲೆ ಅದು ಯಾರ ವಶದಲ್ಲಿರುತ್ತದೆ? ಅದನ್ನು ಕಟ್ಟಿದವರು ಅದನ್ನು ತಮ್ಮ ಹೆಸರಿನಲ್ಲಿ, ತಮ್ಮ ಸ್ವಾಧೀನದಲ್ಲಿ ಉಳಿಸಿಕೊಳ್ಳಬಲ್ಲರೆ? ಅದಕ್ಕೆ ಆಶ್ರಯ ನೀಡಿದ ಸ್ಥಳ ಇಲ್ಲವಾದರೆ ಕೃತಿಯ ಗತಿಯೇನು? ಪ್ರಸ್ತುತ ಪ್ರಬಂಧವು ಈ ಪ್ರಶ್ನೆಗಳನ್ನು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳನ್ನು ಒಳಗೊಂಡ ಸೀಮೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುತ್ತದೆ.

ಈ ಸೀಮೆಯನ್ನು ಆಯ್ದುಕೊಳ್ಳುವುದಕ್ಕೆ ಕಾರಣವಿದೆ. ಹಂಪಿಯ ಶಿಲಾಶಾಸನ, ವಿರೂಪಾಕ್ಷನ ಸನ್ನಿಧಿಯ ಕಾವ್ಯ, ದಾಸರ ಕೀರ್ತನೆ, ದರೋಜಿಯ ಬುರ್ರಕಥೆ, ಮೊಹರಂ ಪದ, ಬಯಲಾಟ, ಕನ್ನಡ ವಿಶ್ವವಿದ್ಯಾಲಯದ ಪುಸ್ತಕ ಇವೆಲ್ಲವೂ ಒಂದಕ್ಕೊಂದು ಸಮೀಪದ ಊರುಗಳಲ್ಲಿ ಹುಟ್ಟಿದಂಥವು. ಈ ಸೀಮೆಯ ಒಂದು ಗ್ರಾಮ ಮೆಟ್ರಿ. ಅದು ಹಿಂದೆ ಹೊಸಪೇಟೆ ತಾಲ್ಲೂಕಿಗೆ ಸೇರಿತ್ತು. ಕಂಪ್ಲಿ ಪ್ರತ್ಯೇಕ ತಾಲ್ಲೂಕಾದ ಮೇಲೆ ಅದರ ಭಾಗವಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಂಡಾಗ ಹೊಸಪೇಟೆ, ಹಂಪಿಗಳು ಹೊಸ ಜಿಲ್ಲೆಗೆ ಸೇರಿದವು. ಕಂಪ್ಲಿ, ಸಂಡೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಆಡಳಿತದ ಗೆರೆ ನಡುವೆ ಹಾಯ್ದರೂ ಹಾಡಿನ ಸೀಮೆ ಒಂದೇ ಆಗಿ ಉಳಿದಿದೆ. ಮೆಟ್ರಿಯಂತಹ ಊರಿನಲ್ಲಿ ಪದ ಕಟ್ಟುವವನೊಬ್ಬನ ಕಡೆಯಿಂದ ನೋಡಿದಾಗ ಪ್ರಕಟಣೆಯ ಚರಿತ್ರೆ ಹೇಗೆ ಕಾಣುತ್ತದೆ ಎಂಬುದು ಇಲ್ಲಿನ ಮೂಲ ಜಿಜ್ಞಾಸೆ.

ವಿವೇಚನೆಯ ಅನುಕೂಲಕ್ಕಾಗಿ ಮೂರು ಅಂಶಗಳನ್ನು ಬೇರ್ಪಡಿಸಿಕೊಳ್ಳಬಹುದು. ಕೃತಿ ಯಾರದೆಂದು ತಿಳಿಸುವ ಅಂಕಿತ ಮೊದಲನೆಯದು. ಕೃತಿಯನ್ನು ಹೊತ್ತಿರುವ ಪ್ರತಿ ಎರಡನೆಯದು. ಜನರು ಆ ಕೃತಿಯನ್ನು ಸಂಧಿಸುವ ನೆಲೆ ಮೂರನೆಯದು. ಅಂಕಿತ ಮತ್ತು ಪ್ರತಿಗಳು ಕರ್ತೃವಿನ ಕೈಯಲ್ಲಿದ್ದಾಗ ನೆಲೆ ಬದಲಾದರೂ ಕೃತಿ ಉಳಿದಿದೆ. ನೆಲೆಯೊಂದನ್ನೇ ನಂಬಿದ್ದು ನೆಲೆಯೊಡನೆಯೇ ಹೋಗಿದೆ. ಚರಿತ್ರೆಯುದ್ದಕ್ಕೂ ಕಾಣುವ ಸಂಗತಿ ಇದು.

2. ಕಲ್ಲು, ಓಲೆ ಮತ್ತು ಅಂಕಿತ

ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕದ ಸಂದರ್ಭದ 1509-10ರ ಶಾಸನವಿದೆ. ಬರೆಯಿಸಿದವನು, ಬರೆದ ಕಲ್ಲು, ನಿಲ್ಲಿಸಿದ ಜಾಗ ಮೂರೂ ಅಲ್ಲಿ ಒಂದೇ ಅಧಿಕಾರಕ್ಕೆ ಸೇರಿವೆ. ತನ್ನ ಮಾತನ್ನು ತನ್ನ ನೆಲದಲ್ಲಿ ನಿಲ್ಲಿಸುವ ಈ ಕ್ರಮವು ಸ್ವಪ್ರಕಟಣೆಯ ಅತ್ಯಂತ ಗಟ್ಟಿಯಾದ ರೂಪವೆನ್ನಬಹುದು. 1565ರ ಬಳಿಕ ಪಟ್ಟಣ ಪಾಳುಬಿದ್ದರೂ ಕಲ್ಲು ಮಾತಾಡುತ್ತಲೇ ಇದೆ. ಆದರೆ ಇದು ಅರಸರಿಗೂ ಸಿರಿವಂತರಿಗೂ ಸಾಧ್ಯವಾಗಿದ್ದ ಮಾರ್ಗ. ಕವಿಗೆ, ಗಾಯಕನಿಗೆ ದೊರೆತದ್ದು ಬೇರೆ ಮಾರ್ಗಗಳು.

ಹರಿಹರನ ಸಂಗತಿಯನ್ನು ಇಲ್ಲಿ ಗಮನಿಸಬೇಕು. ಆತ ದೋರಸಮುದ್ರದ ಅರಸನ ಬಳಿ ಕರಣಿಕನಾಗಿದ್ದು, ಆ ಉದ್ಯೋಗವನ್ನು ತೊರೆದು ಹಂಪಿಗೆ ಬಂದು ವಿರೂಪಾಕ್ಷನ ಸನ್ನಿಧಿಯಲ್ಲಿ ಕಾವ್ಯ ರಚಿಸಿದನೆಂದು ಪರಂಪರೆ ಹೇಳುತ್ತದೆ. ಮನುಜರ ಮೇಲೆ ಕಾವ್ಯ ಕಟ್ಟಲಾರೆನೆಂಬ ನಿಲುವನ್ನು ಸಾಹಿತ್ಯ ಚರಿತ್ರೆಯು ಭಕ್ತಿಯ ದೃಷ್ಟಿಯಿಂದ ವಿವರಿಸಿದೆ. ಅದೇ ನಿಲುವನ್ನು ಆಶ್ರಯದ ದೃಷ್ಟಿಯಿಂದಲೂ ಓದಬಹುದು. ಆಸ್ಥಾನವು ಕವಿಗೆ ಅನ್ನ, ಶ್ರೋತೃವರ್ಗ, ಓಲೆ ಬರೆಯುವವರು ಎಲ್ಲವನ್ನೂ ಒದಗಿಸುತ್ತಿತ್ತು. ಪ್ರತಿಯಾಗಿ ಕಾವ್ಯದ ನಾಯಕನ ಸ್ಥಾನವನ್ನು ಕೇಳುತ್ತಿತ್ತು. ಹರಿಹರನು ನೆಲೆಯನ್ನು ಬದಲಿಸಿದಾಗ ಕಾವ್ಯದ ವಸ್ತುವೂ ಛಂದಸ್ಸೂ ಬದಲಾದವು. ರಗಳೆಯಲ್ಲಿ ಸಾಮಾನ್ಯ ಶಿವಶರಣರ ಕತೆಗಳು ಬರಲು ಸಾಧ್ಯವಾದದ್ದು ಈ ಸ್ಥಳಾಂತರದಿಂದ.

ಆದರೆ ಸ್ವಾತಂತ್ರ್ಯವೊಂದೇ ಕೃತಿಯನ್ನು ಉಳಿಸಲಾರದು. ಅದಕ್ಕೆ ಪ್ರತಿ ಬೇಕು. ಹತ್ತನೆಯ ಶತಮಾನದ ಪೊನ್ನನ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ ಸಂಗತಿ. ಆ ಕೃತಿ ಇಂದಿಗೂ ಲಭ್ಯವಿದೆ. ಅದೇ ಕವಿಯ ‘ಭುವನೈಕ ರಾಮಾಭ್ಯುದಯ’ ದೊರೆತಿಲ್ಲ. ರನ್ನನ ‘ಪರಶುರಾಮ ಚರಿತ’ವೂ ಇದೇ ಹಾದಿ ಹಿಡಿಯಿತು. ಕವಿಯ ಪ್ರತಿಭೆ ಒಂದೇ, ಕಾಲ ಒಂದೇ. ಉಳಿದದ್ದು ಹಲವು ಮನೆಗಳಲ್ಲಿ ಹಲವು ಪ್ರತಿಗಳಾಗಿ ಹರಡಿದ ಕೃತಿ.

ಪ್ರತಿ ಇಲ್ಲದೆಯೂ ಕರ್ತೃತ್ವವನ್ನು ಕಾಯುವ ಒಂದು ಉಪಾಯವನ್ನು ವಚನಕಾರರು ಮತ್ತು ದಾಸರು ರೂಢಿಸಿಕೊಂಡರು. ಅದೇ ಅಂಕಿತ. ಹಂಪಿಯಲ್ಲಿ ನೆಲೆಸಿದ್ದ ಪುರಂದರದಾಸರ ಕೀರ್ತನೆಗಳು ಬಾಯಿಂದ ಬಾಯಿಗೆ, ಊರಿಂದ ಊರಿಗೆ ಹೋದಾಗ ಅವುಗಳೊಡನೆ ಓಲೆಯಾಗಲಿ, ರಾಜಮುದ್ರೆಯಾಗಲಿ ಹೋಗಲಿಲ್ಲ; ಹಾಡಿನ ಕೊನೆಯ ನುಡಿಯಲ್ಲಿ ಅಂಕಿತ ಹೋಯಿತು. ಯಾರ ಮನೆಯಂಗಳದಲ್ಲಿ ಹಾಡಿದರೂ ಹಾಡು ತನ್ನ ಒಡೆಯನ ಹೆಸರನ್ನು ತಾನೇ ಹೇಳುತ್ತದೆ. ಅಂಕಿತಕ್ಕೂ ಮಿತಿಗಳಿವೆ. ಅನ್ಯರು ರಚಿಸಿದ ಹಾಡುಗಳು ಪ್ರಸಿದ್ಧರ ಅಂಕಿತದಲ್ಲಿ ಸೇರಿಕೊಂಡಿರುವುದು ಸಂಪಾದಕರಿಗೆಲ್ಲ ಗೊತ್ತಿರುವ ವಿಷಯ. ಆದರೂ ಆಶ್ರಯದಾತನ ಹಂಗಿಲ್ಲದೆ ಹೆಸರನ್ನು ಕೃತಿಯೊಳಗೇ ಹೆಣೆಯುವ ಈ ಕ್ರಮವು ಕನ್ನಡ ಪರಂಪರೆಯ ದೊಡ್ಡ ಶೋಧನೆ.

ಇದಕ್ಕೆ ವಿರುದ್ಧವಾದ ಉದಾಹರಣೆಯನ್ನೂ ಮರೆಯಬಾರದು. ಹಂಪಿಯ ಅವಶೇಷಗಳನ್ನು 1799ರಲ್ಲಿ ನಕ್ಷೆಗಿಳಿಸಿದ ಕಾಲಿನ್ ಮೆಕೆಂಜಿ ದಕ್ಷಿಣ ಭಾರತದ ಉದ್ದಗಲಕ್ಕೂ ಊರುಗಳ ಕೈಫಿಯತ್ತುಗಳನ್ನು ಸಂಗ್ರಹಿಸಿದನು. ಊರಿನ ಶಾನುಭೋಗರು, ಗುಡಿಯ ಪೂಜಾರಿಗಳು ಹೇಳಿದ, ಬರೆದುಕೊಟ್ಟ ವೃತ್ತಾಂತಗಳು ಅವು. ಬಹುಪಾಲು ಬರೆಯಿಸಿಕೊಟ್ಟವರ ಹೆಸರು ಹಿಂದೆ ಬಿದ್ದು ಸಂಗ್ರಾಹಕನ ಹೆಸರು ಮುಂದೆ ನಿಂತಿತು. ಆದರೆ ಊರಲ್ಲಿಯೇ ಉಳಿದಿದ್ದ ಎಷ್ಟೋ ಕಡತಗಳು ಗೆದ್ದಲು ತಿಂದು ಹೋದಾಗ ಆ ಪರಸ್ಥಳದ ಪ್ರತಿಗಳೇ ಉಳಿದವು. 1990ರ ದಶಕದಲ್ಲಿ ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಕನ್ನಡ ಕೈಫಿಯತ್ತುಗಳು ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದಲೇ ಪ್ರಕಟಗೊಂಡವು. ಪರರ ಮನೆ ಕೃತಿಯನ್ನು ಕಾಪಾಡಲೂ ಬಲ್ಲದು. ಹೆಸರನ್ನು ಅಳಿಸಲೂ ಬಲ್ಲದು. ಈ ಎರಡನ್ನೂ ಒಟ್ಟಿಗೆ ನೋಡಿದಾಗ ಮಾತ್ರ ವಿಷಯದ ಸಂಕೀರ್ಣತೆ ಅರಿವಾಗುತ್ತದೆ.

3. ಪದದ ಪುಸ್ತಕ ಮತ್ತು ಕಂಠದ ಪ್ರತಿ

ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಮೊಹರಂ ಪದ, ತತ್ವಪದ, ಭಜನೆಪದಗಳನ್ನು ಹಾಡುವವರು ಕೈಬರಹದ ಪುಸ್ತಕಗಳನ್ನು ಇಟ್ಟುಕೊಳ್ಳುವ ರೂಢಿಯಿದೆ. ಲೆಕ್ಕದ ಪುಸ್ತಕದಲ್ಲಿಯೋ ಶಾಲೆಯ ನೋಟುಬುಕ್ಕಿನಲ್ಲಿಯೋ ಬರೆದ ಇವುಗಳನ್ನು ‘ಪದದ ಪುಸ್ತಕ’ವೆಂದು ಕರೆಯುತ್ತಾರೆ. ಕೊನೆಯ ನುಡಿಯಲ್ಲಿ ಕವಿಯ ಹೆಸರು, ಆತನ ಊರು, ಗುರುವಿನ ಹೆಸರು ಬರುತ್ತವೆ. ಸವಾಲು ಜವಾಬಿನ ಪದಗಳಲ್ಲಿ ಊರ ಹೆಸರಿಗೆ ವಿಶೇಷ ತೂಕವಿರುತ್ತದೆ. ಅಲ್ಲಿ ಕವಿಯ ಮಾನದೊಡನೆ ಊರಿನ ಮಾನವೂ ಪಣಕ್ಕಿರುತ್ತದೆ. ದಾಸರ ಅಂಕಿತ ಹಳ್ಳಿಯ ಕವಿಯ ಬಾಯಲ್ಲಿ ಪಡೆದುಕೊಂಡ ರೂಪವಿದು.

ಬಯಲಾಟದ ಪ್ರತಿಯ ವ್ಯವಸ್ಥೆ ಇನ್ನೂ ಕುತೂಹಲಕರವಾದುದು. ಆಟ ಕಲಿಸುವ ಮಾಸ್ತರನ ಬಳಿ ಮಾತ್ರ ಇಡೀ ಆಟದ ಹಸ್ತಪ್ರತಿ ಇರುತ್ತಿತ್ತು. ಪಾತ್ರಧಾರಿಗಳಿಗೆ ಅವರವರ ಪಾತ್ರದ ಪದ ಮತ್ತು ಮಾತುಗಳನ್ನಷ್ಟೇ ಬರೆದುಕೊಡುತ್ತಿದ್ದರು. ಒಂದು ಊರಿನವರು ಆಟ ಕಲಿಯಬೇಕಾದರೆ ಮಾಸ್ತರನನ್ನು ಕರೆತಂದು ತಿಂಗಳುಗಟ್ಟಲೆ ಇರಿಸಿಕೊಳ್ಳಬೇಕಾಗಿತ್ತು. ಪ್ರತಿಯು ಮಾಸ್ತರನ ವಶದಲ್ಲಿದ್ದುದೇ ಆತನ ಜೀವನಾಧಾರ. ಹೀಗಾಗಿ ಪ್ರತಿಯನ್ನು ಎರವಲು ಕೊಡಲು ಹಿಂಜರಿಯುತ್ತಿದ್ದುದನ್ನು ಸಂಕುಚಿತ ಬುದ್ಧಿ ಎಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಈ ಎಚ್ಚರಿಕೆಗೆ ಬೆಲೆಯನ್ನೂ ತೆರಬೇಕಾಯಿತು. ಮಾಸ್ತರನು ತೀರಿಕೊಂಡ ಮೇಲೆ ಒಂಟಿ ಪ್ರತಿ ಅಟ್ಟದ ಮೇಲೆ ನಶಿಸಿದರೆ ಆಟವೇ ಹೋಯಿತು. ಗದಗಿನ ಶಾಬಾದಿಮಠ ಪುಸ್ತಕ ಭಂಡಾರದಂತಹ ಪ್ರಕಾಶಕರು ಆಟ, ನಾಟಕ, ಭಜನೆಗಳ ಅಗ್ಗದ ಪುಸ್ತಕಗಳನ್ನು ಮುದ್ರಿಸಿದಾಗ ಪ್ರತಿಗಳು ಸಂತೆ ಜಾತ್ರೆಗಳವರೆಗೆ ಹರಡಿದವು, ಮಾಸ್ತರನ ಏಕಸ್ವಾಮ್ಯ ಸಡಿಲವಾಯಿತು, ಆಟಗಳು ಉಳಿದವು. ಅತ್ತಿಮಬ್ಬೆಯ ಸಾವಿರ ಪ್ರತಿಗಳ ತರ್ಕವೇ ಇಲ್ಲಿಯೂ ಕೆಲಸ ಮಾಡಿದೆ.

ಪುಸ್ತಕವೇ ಇಲ್ಲದವರ ಸ್ಥಿತಿ ಬೇರೆ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಬುಡ್ಗಜಂಗಮ ಎಂಬ ಅಲೆಮಾರಿ ಸಮುದಾಯಕ್ಕೆ ಸೇರಿದವರು. ಅಕ್ಷರ ಬಾರದ ಈ ಕಲಾವಿದೆ ಕುಮಾರರಾಮ, ಬಬ್ಬುಲಿ ನಾಗಿರೆಡ್ಡಿ ಮೊದಲಾದ ದೀರ್ಘ ಕಥನಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಕಂಪಿಲರಾಯನ ಮಗ ಕುಮಾರರಾಮನ ಕತೆ ನಂಜುಂಡ ಕವಿಯ ಕಾವ್ಯದಲ್ಲಿ ಓಲೆಗರಿಯ ಪ್ರತಿಯಾಗಿ ಉಳಿದಂತೆ, ಈರಮ್ಮನವರಲ್ಲಿ ಕಂಠದ ಪ್ರತಿಯಾಗಿ ಉಳಿದಿತ್ತು. ಹಾಡು ಕೇಳಿಸಿಕೊಳ್ಳುತ್ತಿದ್ದ ಹಳ್ಳಿಗಳೇ ಅದರ ನೆಲೆ. ಬಾನುಲಿ, ಚಲನಚಿತ್ರ, ದೂರದರ್ಶನಗಳು ಬಂದು ಹಳ್ಳಿಗಳ ಆಸಕ್ತಿ ಬದಲಾದಾಗ ಅಲೆಮಾರಿ ಗಾಯಕರ ನೆಲೆ ಕುಸಿಯತೊಡಗಿತು. 1991ರಲ್ಲಿ ಸ್ಥಾಪನೆಗೊಂಡ ಕನ್ನಡ ವಿಶ್ವವಿದ್ಯಾಲಯವು ಈ ಕಾವ್ಯಗಳನ್ನು ಧ್ವನಿಮುದ್ರಿಸಿ, ಲಿಪ್ಯಂತರಿಸಿ ಪುಸ್ತಕರೂಪಕ್ಕೆ ತಂದಿತು. ಈರಮ್ಮನವರಿಗೆ 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯೂ ಮುಂದೆ ‘ನಾಡೋಜ’ ಗೌರವವೂ ಸಂದವು. 2014ರ ಆಗಸ್ಟ್ 12ರಂದು ಅವರು ನಿಧನರಾದರು. ಮುದ್ರಣಗೊಳ್ಳದಿದ್ದರೆ ಆ ಕಾವ್ಯಗಳು ಅವರೊಡನೆಯೇ ಮಣ್ಣಾಗುತ್ತಿದ್ದವು.

ಸಂಸ್ಥೆಯ ಆಶ್ರಯದ ಉಪಕಾರ ದೊಡ್ಡದು. ಆದರೂ ಜಾನಪದ ಪ್ರಕಟಣೆಯ ಒಟ್ಟು ಚರಿತ್ರೆಯಲ್ಲಿ ಅಂಕಿತದ ಪ್ರಶ್ನೆ ಉಳಿದೇ ಇದೆ. ಆರಂಭಕಾಲದ ಅನೇಕ ಸಂಕಲನಗಳಲ್ಲಿ ಸಂಪಾದಕರ ಹೆಸರು ಮುಖಪುಟದಲ್ಲಿಯೂ ಹಾಡಿದವರ ಹೆಸರು ಅನುಬಂಧದಲ್ಲಿಯೂ ಇರುತ್ತಿತ್ತು. ಎಷ್ಟೋ ವೇಳೆ ಅಲ್ಲಿಯೂ ಇರುತ್ತಿರಲಿಲ್ಲ. ‘ಅನಾಮಿಕ ಜನಪದ’ ಎಂಬ ಪರಿಕಲ್ಪನೆ ಈ ಮರೆವಿಗೆ ಶಾಸ್ತ್ರದ ಬೆಂಬಲ ಒದಗಿಸಿತು. ಕಾನೂನು ಕೂಡ ತಡವಾಗಿ ಎಚ್ಚೆತ್ತಿತು. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿಯಿಂದ ಪ್ರದರ್ಶಕರ ಹಕ್ಕು ಸೇರಿತು. ಆರಂಭದಲ್ಲಿ 25 ವರ್ಷವಿದ್ದ ಅದರ ಅವಧಿ 1999ರ ತಿದ್ದುಪಡಿಯಿಂದ 50 ವರ್ಷಕ್ಕೆ ಏರಿತು. ಹಾಡಿದವರಿಗೆ ತಮ್ಮ ಹಾಡಿಕೆಯ ಮೇಲೆ ಹಕ್ಕಿದೆಯೆಂಬುದು ಕಾಗದದ ಮೇಲೆ ಇದ್ದರೂ ಮೆಟ್ರಿಯಂತಹ ಊರಿನ ಹಾಡುಗಾರನಿಗೆ ಅದನ್ನು ತಿಳಿಸಿ ಹೇಳುವ ಕೆಲಸ ಸಂಗ್ರಾಹಕರ ಪಾಲಿಗೆ ಬಂದಿದೆ.

4. ಅಚ್ಚಿನ ಮನೆಯ ಒಡೆತನ

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್‌ನ ಸಂಪಾದಕತ್ವದಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರಬಂದಿತು. 1844ರಲ್ಲಿ ಅದು ಬಳ್ಳಾರಿಗೆ ಸ್ಥಳಾಂತರಗೊಂಡು ‘ಕನ್ನಡ ಸಮಾಚಾರ’ವೆಂಬ ಹೆಸರು ಪಡೆಯಿತು. ಅಚ್ಚುಮೊಳೆಯ ಸೌಲಭ್ಯವಿದ್ದ ಊರಿಗೆ ಪತ್ರಿಕೆ ನಡೆದು ಹೋದುದು, ಹೋದ ಕೂಡಲೇ ಹೆಸರು ಬದಲಾದುದು, ಅಚ್ಚಿನ ಯುಗದ ಒಂದು ಸತ್ಯವನ್ನು ಆರಂಭದಲ್ಲಿಯೇ ಸೂಚಿಸುತ್ತದೆ: ಯಂತ್ರವಿದ್ದವನ ಮನೆಗೆ ಬರಹ ಹೋಗಬೇಕಾಗುತ್ತದೆ. ಆದರೆ ಬಳ್ಳಾರಿ ಸೀಮೆಯಲ್ಲಿ ಇದು ಕನ್ನಡ ಪ್ರಕಾಶನದ ದೊಡ್ಡ ಕೇಂದ್ರವಾಗಿ ಬೆಳೆಯಲಿಲ್ಲ. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಜಿಲ್ಲೆ ಮದ್ರಾಸ್ ಆಡಳಿತದಲ್ಲಿತ್ತು. ಕನ್ನಡ ಪ್ರಕಾಶನದ ಶಕ್ತಿ ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಬೆಳೆಯುತ್ತಿತ್ತು.

ಹಂಪಿಯ ಕತೆಯನ್ನು ಸಾಮಾನ್ಯ ಕನ್ನಡಿಗರ ಮನೆಗೆ ತಲುಪಿಸಿದವರಲ್ಲಿ ಗಳಗನಾಥರು ಪ್ರಮುಖರು. ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಈ ಲೇಖಕರು ವಿಜಯನಗರದ ಸ್ಥಾಪನೆಯನ್ನು ‘ಮಾಧವ ಕರುಣಾ ವಿಲಾಸ’ದಲ್ಲಿ, ಪತನವನ್ನು ಮರಾಠಿಯ ಹರಿನಾರಾಯಣ ಆಪ್ಟೆಯವರ ಕಾದಂಬರಿಯನ್ನು ಆಧರಿಸಿದ ‘ಕನ್ನಡಿಗರ ಕರ್ಮಕಥೆ’ಯಲ್ಲಿ ಕಂಡರಿಸಿದರು. ಬರೆದದ್ದಷ್ಟೇ ಅಲ್ಲ, ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಓದುಗರಿಲ್ಲದ ಕಡೆ ಓದುಗರನ್ನು ಹುಟ್ಟಿಸಿದ ಆ ಶ್ರಮ ಕನ್ನಡದಲ್ಲಿ ದಂತಕಥೆಯಾಗಿದೆ. ಆದರೆ ದಂತಕಥೆಯ ಇನ್ನೊಂದು ಮುಖ ಬಡತನ. 1942ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಅದು ತಪ್ಪಲಿಲ್ಲ. ಪ್ರತಿಯೂ ಅಂಕಿತವೂ ಲೇಖಕನ ವಶದಲ್ಲಿದ್ದಾಗ ನಷ್ಟವೂ ಅವನ ವಶದಲ್ಲಿಯೇ ಇರುತ್ತದೆ.

ಮುಂದಿನ ತಲೆಮಾರು ಇದಕ್ಕೆ ಬೇರೆ ಬೇರೆ ಪರಿಹಾರಗಳನ್ನು ಹುಡುಕಿತು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಹರ್ಷ ಮುದ್ರಣಾಲಯವನ್ನು ನಡೆಸಿ ಯಂತ್ರವನ್ನೇ ತಮ್ಮದಾಗಿಸಿಕೊಂಡರು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಮೊದಲೇ ಕೂಡಿಸಿಕೊಂಡಿತು. ಕುವೆಂಪು ಅವರ ಕೃತಿಗಳು ಅವರ ಮನೆಯ ಹೆಸರನ್ನೇ ಹೊತ್ತ ಉದಯರವಿ ಪ್ರಕಾಶನದಿಂದ ಬಂದವು. ಅವರ ಮಗ ಪೂರ್ಣಚಂದ್ರ ತೇಜಸ್ವಿ ‘ಪುಸ್ತಕ ಪ್ರಕಾಶನ’ವನ್ನು ಕಟ್ಟಿದರು. ಪಿ. ಲಂಕೇಶರು 1980ರಲ್ಲಿ ಆರಂಭಿಸಿದ ‘ಲಂಕೇಶ್ ಪತ್ರಿಕೆ’ ಜಾಹೀರಾತಿನ ಹಂಗಿಲ್ಲದೆ ಓದುಗರ ಹಣದಿಂದಲೇ ನಡೆಯಿತು. ಸ್ವಂತ ಯಂತ್ರ, ಮುಂಗಡ ಓದುಗರು, ಮನೆಯ ಹೆಸರು, ಜಾಹೀರಾತಿನ ನಿರಾಕರಣೆ ಹೀಗೆ ದಾರಿಗಳು ಬೇರೆಯಾದರೂ ಬರಹದ ಮೇಲಿನ ಕೊನೆಯ ಮಾತು ಬರೆದವರದೇ ಆಗಿರಬೇಕೆಂಬ ಆಶಯ ಎಲ್ಲದರಲ್ಲಿಯೂ ಕಾಣುತ್ತದೆ.

ಇದೇ ಸಂದರ್ಭದಲ್ಲಿ ಪ್ರತಿಯ ಕುರಿತ ಒಂದು ಕಾನೂನನ್ನು ನೆನೆಯಬೇಕು. 1954ರ ಪುಸ್ತಕ ಒಪ್ಪಿಸುವ ಕಾಯ್ದೆಯ ಪ್ರಕಾರ ಪ್ರತಿಯೊಬ್ಬ ಪ್ರಕಾಶಕನೂ ಪ್ರಕಟಣೆಯ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಸಾರ್ವಜನಿಕ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳುಹಿಸಬೇಕು. ತನ್ನ ಖರ್ಚಿನಲ್ಲಿ ಪುಸ್ತಕ ತರುವ ಹಳ್ಳಿಯ ಲೇಖಕನೂ ಕಾನೂನಿನ ದೃಷ್ಟಿಯಲ್ಲಿ ಪ್ರಕಾಶಕನೇ. ಹೊಸಪೇಟೆಯಲ್ಲಿ ಅಚ್ಚಾದ ತತ್ವಪದದ ಕಿರುಹೊತ್ತಗೆಯೊಂದು ಕೋಲ್ಕತ್ತದ ಕಪಾಟಿನಲ್ಲಿ ಇರಬೇಕಾದುದು ಅದರ ಹಕ್ಕು. ಬಹುತೇಕ ಲೇಖಕರಿಗೆ ಈ ವಿಷಯ ತಿಳಿಯದಿರುವುದರಿಂದ ಅಂತಹ ಹೊತ್ತಗೆಗಳು ಬಿಡುಗಡೆಯ ವೇದಿಕೆಯಿಂದ ನೇರವಾಗಿ ಮರೆವಿಗೆ ಸರಿಯುತ್ತವೆ.

5. ವಿದ್ಯುನ್ಮಾನ ನೆಲೆ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಮರುವರ್ಷವೇ ಯು.ಬಿ. ಪವನಜ ಅವರು ‘ವಿಶ್ವಕನ್ನಡ’ವೆಂಬ ಕನ್ನಡದ ಮೊದಲ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದರು. ಒಬ್ಬ ವ್ಯಕ್ತಿ ಮುದ್ರಣಾಲಯವಿಲ್ಲದೆ, ಪ್ರಕಾಶಕನಿಲ್ಲದೆ ಲೋಕದ ಯಾವ ಮೂಲೆಗಾದರೂ ಕನ್ನಡ ಪುಟವನ್ನು ತಲುಪಿಸಬಹುದೆಂಬುದು ಆಗ ಸಿದ್ಧವಾಯಿತು. ಗಳಗನಾಥರು ಹೆಗಲ ಮೇಲೆ ಹೊತ್ತ ಭಾರ ಇಳಿದಂತಾಯಿತು.

ಆದರೆ ಹೊಸ ಮಾಧ್ಯಮ ಹೊಸ ಬಗೆಯ ಅವಲಂಬನೆಯನ್ನೂ ತಂದಿತು. ಮೊದಲನೆಯದು ಲಿಪಿಗೆ ಸಂಬಂಧಿಸಿದ್ದು. ಆರಂಭದ ಕನ್ನಡ ತಂತ್ರಾಂಶಗಳಲ್ಲಿ ಒಬ್ಬರ ಅಕ್ಷರಶೈಲಿಯಲ್ಲಿ ಬರೆದದ್ದು ಇನ್ನೊಂದರಲ್ಲಿ ಅರ್ಥವಾಗದ ಗುರುತುಗಳ ರಾಶಿಯಾಗುತ್ತಿತ್ತು. 1998ರಲ್ಲಿ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’, ಪೂರ್ಣಚಂದ್ರ ತೇಜಸ್ವಿಯವರ ಒತ್ತಾಸೆಯಿಂದ ಕನ್ನಡ ವಿಶ್ವವಿದ್ಯಾಲಯ ಹೊರತಂದ ‘ಕುವೆಂಪು ಕನ್ನಡ ತಂತ್ರಾಂಶ’ ಇವೆಲ್ಲ ಕನ್ನಡವನ್ನು ಗಣಕಕ್ಕೆ ಒಗ್ಗಿಸಿದವು. ಯುನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿತ್ತಾದರೂ ಅದು ಬಳಕೆಗೆ ಬರಲು ಹತ್ತಾರು ವರ್ಷ ಹಿಡಿಯಿತು. ಈ ನಡುವಿನ ಅವಧಿಯಲ್ಲಿ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಸಾವಿರಾರು ಪುಟಗಳು ಇಂದು ಮೋಡಿಲಿಪಿಯ ಕಡತಗಳಂತೆ ಓದುಗರಿಲ್ಲದೆ ಬಿದ್ದಿವೆ. ಪ್ರತಿ ಕೈಯಲ್ಲಿದ್ದರೆ ಸಾಲದು, ಅದು ಎಲ್ಲರೂ ಓದಬಲ್ಲ ಲಿಪಿಸಂಕೇತದಲ್ಲಿರಬೇಕು.

ಎರಡನೆಯ ಅವಲಂಬನೆ ಆಶ್ರಯತಾಣಗಳದು. ಬಾಡಿಗೆ ಕೇಳದೆ ಜಾಗ ಕೊಡುವ ದೊಡ್ಡ ಕಂಪನಿಗಳ ತಾಣಗಳಲ್ಲಿ ಬರೆಯುವುದು ಸುಲಭ. ಓದುಗರೂ ಅಲ್ಲಿಯೇ ನೆರೆದಿರುತ್ತಾರೆ. ಆದರೆ ವಿಳಾಸ ಅವರದು, ಭಂಡಾರ ಅವರದು, ನಿಯಮ ಅವರದು. ಜನರು ವೈಯಕ್ತಿಕ ಪುಟಗಳನ್ನು ಕಟ್ಟಿಕೊಂಡಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಭಾರತದಲ್ಲಿ ಬಹು ಜನಪ್ರಿಯವಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು, ಗೂಗಲ್ ಪ್ಲಸ್ 2019ರ ಏಪ್ರಿಲ್ 2ರಂದು ಬಾಗಿಲು ಹಾಕಿದವು. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಕಿರುತಂತ್ರಾಂಶಗಳನ್ನು ನಿಷೇಧಿಸಿತು. ಕಾರಣಗಳು ಬೇರೆ ಬೇರೆ: ಒಂದು ಕಡೆ ವ್ಯಾಪಾರದ ಲೆಕ್ಕಾಚಾರ, ಇನ್ನೊಂದು ಕಡೆ ರಾಷ್ಟ್ರದ ನೀತಿ. ಪರಿಣಾಮ ಮಾತ್ರ ಒಂದೇ ಬಗೆಯದು. ಆ ತಾಣದಲ್ಲಿಯೇ ಹಾಡಿ, ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳದ ಗ್ರಾಮೀಣ ಗಾಯಕರು ಹಾಡನ್ನೂ ಕೇಳುಗರನ್ನೂ ಒಟ್ಟಿಗೆ ಕಳೆದುಕೊಂಡರು. ಬೇರೆಡೆ ಪ್ರತಿ ಉಳಿಸಿಕೊಂಡಿದ್ದವರು ಇನ್ನೊಂದು ನೆಲೆಗೆ ಸಾಗಿದರು.

ಇದಕ್ಕೆ ಪರ್ಯಾಯವೆಂದರೆ ಸ್ವಂತ ಹೆಸರಿನ ವಿಳಾಸ, ಬಾಡಿಗೆಗೆ ಪಡೆದ ಒಂದಿಷ್ಟು ಸಂಗ್ರಹಜಾಗ, ಎಲ್ಲದರ ಒಂದು ಪ್ರತಿ ಮನೆಯಲ್ಲಿ. ವಿಳಾಸ ತನ್ನದಾಗಿದ್ದರೆ ಜಾಗ ಕೊಟ್ಟವನನ್ನು ಬದಲಿಸಬಹುದು. ಓದುಗನು ಹಳೆಯ ವಿಳಾಸದಲ್ಲಿಯೇ ಹೊಸ ಮನೆಗೆ ಬರುತ್ತಾನೆ. ದಾಸರ ಅಂಕಿತ ಮಾಡುತ್ತಿದ್ದುದೂ ಇದನ್ನೇ. ಇಂದು ಕನ್ನಡ ಲಿಪಿಯಲ್ಲಿಯೇ ವಿಳಾಸ ಪಡೆಯುವ ಅವಕಾಶವೂ ಇದೆ. ಆದರೆ ಈ ಒಡೆತನ ಸಂಪೂರ್ಣವಲ್ಲ. ವಿಳಾಸವನ್ನು ಆಯಾ ಅವಧಿಗೆ ಹಣ ಕಟ್ಟಿ ನವೀಕರಿಸುತ್ತಿರಬೇಕು. ತಪ್ಪಿದರೆ ಅದು ಅನ್ಯರ ಪಾಲಾಗುತ್ತದೆ. ಲೇಖಕನು ತೀರಿಕೊಂಡ ಮೇಲೆ ನವೀಕರಿಸುವವರು ಯಾರು ಎಂಬ ಪ್ರಶ್ನೆ ಬಯಲಾಟದ ಮಾಸ್ತರನ ಒಂಟಿ ಪ್ರತಿಯ ಪ್ರಶ್ನೆಯೇ ಆಗಿದೆ. ಮೇಲೆ ಹೇಳಿದ 1954ರ ಕಾಯ್ದೆಗೆ 1956ರಲ್ಲಿ ಪತ್ರಿಕೆಗಳನ್ನು ಸೇರಿಸಲಾಯಿತು. ಅಂತರಜಾಲದ ಬರಹ ಅದರ ವ್ಯಾಪ್ತಿಗೆ ಸೇರಿಲ್ಲ. ತತ್ವಪದದ ಕಿರುಹೊತ್ತಗೆಗೆ ಇರುವ ರಕ್ಷಣೆ ಅದೇ ಪದಗಳ ಅಂತರಜಾಲ ಪುಟಕ್ಕಿಲ್ಲ.

6. ಉಪಸಂಹಾರ

ಮೇಲಿನ ವಿವೇಚನೆಯಿಂದ ಸ್ವಪ್ರಕಟಣೆಯು ಅಂತರಜಾಲದೊಡನೆ ಹುಟ್ಟಿದ ಹೊಸ ಹವ್ಯಾಸವಲ್ಲ ಎಂಬುದು ಸ್ಪಷ್ಟವಾಗುತ್ತದೆ. ಆಸ್ಥಾನ, ಮಠ, ಮುದ್ರಣಾಲಯ, ವಿಶ್ವವಿದ್ಯಾಲಯ, ಕಂಪನಿ ಹೀಗೆ ಆಶ್ರಯದಾತರು ಬದಲಾಗುತ್ತ ಬಂದಿದ್ದಾರೆ. ಅವರ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಯಾವ ಆಶ್ರಯವೂ ಶಾಶ್ವತವಲ್ಲ ಎಂಬುದಕ್ಕೆ ಹಂಪಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹಾಗೆಂದು ಒಂಟಿಯಾಗಿ ಕಾಯ್ದುಕೊಳ್ಳುವ ಒಡೆತನವೂ ಕೃತಿಯನ್ನು ಉಳಿಸಿಲ್ಲ. ಅಂಕಿತವನ್ನು ತಾನು ಇಟ್ಟುಕೊಂಡು ಪ್ರತಿಯನ್ನು ಹಲವರಿಗೆ ಹಂಚಿದ ಕಡೆಯೇ ಕೃತಿ ಬಾಳಿದೆ. ಈ ಅರ್ಥದಲ್ಲಿ ಜಾನಪದ ವಿದ್ವಾಂಸರ, ಅಕಾಡೆಮಿಗಳ ಹೊಣೆಯೂ ಬದಲಾಗಬೇಕಾಗಿದೆ. ಹಾಡನ್ನು ಸಂಗ್ರಹಿಸಿ ತಮ್ಮ ಭಂಡಾರದಲ್ಲಿ ಇಡುವುದರೊಡನೆ ಧ್ವನಿಮುದ್ರಿಕೆಯ, ಲಿಪ್ಯಂತರದ ಒಂದು ಪ್ರತಿಯನ್ನು ಹಾಡಿದವರ ಕೈಗೆ ಕೊಡುವುದು, ಅವರ ಹೆಸರನ್ನು ಮುಖಪುಟಕ್ಕೆ ತರುವುದು, ಊರಿನ ಗ್ರಂಥಾಲಯದಲ್ಲಿ ಇನ್ನೊಂದು ಪ್ರತಿ ಇರಿಸುವುದು ಕಷ್ಟದ ಕೆಲಸಗಳಲ್ಲ. ಮೆಟ್ರಿಯಲ್ಲಿ ಕಟ್ಟಿದ ಪದ ಹಂಪಿಯ ಪುಸ್ತಕದಲ್ಲಿಯೂ ದೂರದ ಯಾವುದೋ ಗಣಕದಲ್ಲಿಯೂ ಇರಲಿ, ಮೆಟ್ರಿಯಲ್ಲಿಯೂ ಇರಬೇಕು.